ಗುಳ್ಳೆ

ಒಮಾಲೋದಲ್ಲಿ ಅಕ್ಟೋಬರ್ ಒಂಬತ್ತು.
ಕುರಿಗಳು ಇಳಿದುಹೋಗಿ ನಾಲ್ಕು ದಿನ.
ಉಳಿದವರು ನಾವು ಮೂವರು, ಎರಡು ನಾಯಿ,
ಹನ್ನೊಂದು ಚೀಲ ಉಣ್ಣೆ,
ಮತ್ತೆ ಈ ನೀವಾ.
ನನಗಿಂತ ಎಂಟು ವರ್ಷ ಚಿಕ್ಕದು,
ಕೀಲುನೋವು ಮಾತ್ರ ಸಮಸಮ.

ಬೆಳಿಗ್ಗೆ ಕ್ಲಚ್ ತುಳಿದೆ.
ಪೆಡಲು ಹೋಯಿತು, ನೆಲ ಮುಟ್ಟಿತು, ಅಲ್ಲೇ ಮಲಗಿತು.
ಬೆರಳು ಹಾಕಿ ಎಬ್ಬಿಸಿದೆ. ತುಳಿದೆ. ಮತ್ತೆ ಮಲಗಿತು.
ಗೇರು ಕರಕರ ಹಲ್ಲು ಕಡಿಯಿತು.

‘ಮೇಲಿನ ಸಿಲಿಂಡರು’ ಅಂದರು ಇಮೆಡಾ ಮಾವ,
ಮೂವತ್ತು ವರ್ಷ ಸರ್ಕಾರಿ ಲಾರಿ ಓಡಿಸಿದವರು.
ಹೋದ ವರ್ಷವಷ್ಟೇ ಹಾಕಿಸಿದ್ದು ಮಾವ, ತೆಲಾವಿಯಲ್ಲಿ,
ಎರಡು ಮರಿಗಳ ಬೆಲೆ ತೆತ್ತು.
‘ಆದರೂ.’
ಹಿರಿಯರ ಮಾತು. ಬಿಚ್ಚಿದೆವು. ಅರ್ಧ ದಿನ ಹೋಯಿತು.
ಅದು ಒಣಗಿತ್ತು, ಶುಭ್ರವಾಗಿತ್ತು,
ಸುಮ್ಮನೆ ಪೊಲೀಸರು ಕರೆಸಿದವನ ಹಾಗೆ
ನನ್ನನ್ನೇ ನೋಡುತ್ತಿತ್ತು.

ಕೆಳಗೆ ನುಸುಳಿದೆ.
ಗೇರ್‌ಬಾಕ್ಸಿನ ಮಗ್ಗುಲಲ್ಲಿ ಚಿಕ್ಕ ಸಿಲಿಂಡರು,
ಹೊರಗೆ ಒಂದು ಹನಿಯೂ ಇಲ್ಲ.
ರಬ್ಬರು ಟೋಪಿ ಸರಿಸಿದೆ ನೋಡಿ,
ಕಪ್ಪು ನೀರು ತೋಳಿಗುಂಟ ಇಳಿದು ಕಂಕುಳು ಸೇರಿತು.
ಎಷ್ಟು ತಿಂಗಳಿಂದ ಟೋಪಿಯೊಳಗೆ ಅಡಗಿಸಿಟ್ಟಿತ್ತೋ.

ಸೀಟಿನಡಿ ಅಣ್ಣ ಜೆಜ್ವಾನ ತಂಬಾಕಿನ ಡಬ್ಬಿ.
ಅದರೊಳಗೆ ಹಳೇ ಪತ್ರಿಕೆಯಲ್ಲಿ ಸುತ್ತಿದ ಎರಡು ರಬ್ಬರು ಸೀಲು.
ಅವನೀಗ ಕುತೈಸಿಯಲ್ಲಿ ಬಸ್ಸು ಓಡಿಸುತ್ತಾನೆ.
ಆ ಬಸ್ಸಿಗೆ ಕ್ಲಚ್ಚೇ ಇಲ್ಲವಂತೆ,
ಎಡಗಾಲು ಬೇಜಾರು ಪಡುತ್ತದಂತೆ.

ಸೀಲಿತ್ತು, ಎಣ್ಣೆ ಅರ್ಧ ಬಾಟಲಿ ಮಾತ್ರ.
‘ನಮ್ಮ ಕಾಲದ್ದು ಕೆಂಪು’ ಅಂದರು ಮಾವ.
‘ಹರಳೆಣ್ಣೆ, ಸ್ಪಿರಿಟ್ಟು, ಅರ್ಧಕ್ಕರ್ಧ.
ಮನೆಯಲ್ಲಿ ಚಾಚಾ ಇದೆಯಲ್ಲ, ಸುರಿ.’
ಹರಳೆಣ್ಣೆ ಎಲ್ಲಿಂದ ತರಲಿ?
ಅದನ್ನೇ ಕುಡಿದವರ ಮುಖ ಮಾಡಿದರು, ಯೋಚಿಸಿದರು.
‘ಹಾಗಾದರೆ ಚಾಚಾ ನಾವೇ ಕುಡಿಯೋಣ.’
ಕುಡಿದೆವು, ಒಂದೊಂದೇ.

ಇನ್ನು ಗಾಳಿ ತೆಗೆಯಬೇಕು. ಅದು ಒಬ್ಬರ ಕೆಲಸವಲ್ಲ.
ಹನ್ನೊಂದರ ಬಚಾನಾನನ್ನು ಸೀಟಿನಲ್ಲಿ ಕೂರಿಸಿದೆ,
ಕಾಲು ಎಟುಕಲೆಂದು ಬೆನ್ನಿಗೆ ಉಣ್ಣೆಯ ಚೀಲ.
ನಾನು ಕೆಳಗೆ, ಎಂಟರ ಸ್ಪಾನರು,
ನಿಪ್ಪಲ್ಲಿಗೆ ಸಿಕ್ಕಿಸಿದ ಪೈಪು,
ಪೈಪಿನ ತುದಿ ಅಕ್ರೋಟು ಜಾಮಿನ ಖಾಲಿ ಜಾಡಿಯಲ್ಲಿ.
ಒತ್ತು.
ಹಿಡಿ.
ಬಿಡು.
ಗುಳುಗುಳು ಗುಳ್ಳೆ.
ಮೇಲೆ ಘಾಟಿಯಲ್ಲಿ ಮೂಗಿಗೇ ಸಾಲದ ಗಾಳಿ
ಈ ಮೊಳದುದ್ದದ ಕೊಳವೆಗೆ ಎಲ್ಲಿಂದ ಸಿಕ್ಕಿತೋ!

ಎಣ್ಣೆಗೆ ಕುಗ್ಗಲು ಬಾರದು.
ಕಾಲು ಹೇಳಿದ್ದನ್ನು ಹೇಳಿದಂತೆ ಒಯ್ದು ಒಪ್ಪಿಸುತ್ತದೆ.
ಗಾಳಿ ಹಾಗಲ್ಲ. ಕೇಳುತ್ತದೆ, ಹೂಂಗುಟ್ಟುತ್ತದೆ,
ನಡುದಾರಿಯಲ್ಲಿ ತಾನೇ ನುಂಗಿಬಿಡುತ್ತದೆ.
ಇಂಥವರನ್ನೇ ಕಳಿಸಿದ್ದರು ಒಮ್ಮೆ
ನನ್ನ ಮದುವೆಯ ಮಾತಿಗೆ.

ಒತ್ತು. ಹಿಡಿ.
ಹುಡುಗ ಬಿಟ್ಟುಬಿಟ್ಟ.
ಸೊರ್ರನೆ ಗಾಳಿ ಒಳಗೆ, ಮೊದಲಿಂದ ಎಲ್ಲ ಮತ್ತೆ.
ಬೈದೆ, ಅವನ ಅಪ್ಪನನ್ನೂ ಸೇರಿಸಿ.
ಮೇಲೆ ಬಹಳ ಹೊತ್ತು ಸದ್ದಿಲ್ಲ.
‘ನಾಯಿ ಬೊಗಳಿತು ಅತ್ತೆ, ಕೇಳಲಿಲ್ಲ.
ನೀವು ಹೇಳಿದ್ದನ್ನು ನಾನೂ ಹೇಳುತ್ತೇನೆ,
ಆಮೇಲೆ ಮಾಡುತ್ತೇನೆ.’
ಒತ್ತು, ಅಂದೆ. ಒತ್ತಿದೆ, ಅಂದ.
ಹಿಡಿ. ಹಿಡಿದಿದ್ದೇನೆ.
ಕತ್ತಲಾಗುವವರೆಗೆ ತಗಡಿನಾಚೆ
ಅವನ ದನಿ, ತಗಡಿನಡಿ ನನ್ನದು.

ಬಾಟಲಿ ಮುಗಿಯಿತು.
ಜಾಡಿಯದನ್ನೇ ಬಟ್ಟೆಯಲ್ಲಿ ಸೋಸಿ ಸುರಿದೆ.
ತಪ್ಪು, ಗೊತ್ತು.
ಅತ್ತ ಅಬಾನೋ ನೆತ್ತಿಯ ಮೇಲೆ ಮೋಡ ಬಂದು ಕೂತಿತ್ತು.

ಒಂದು ಗುಳ್ಳೆ ಉಳಿದೇ ಉಳಿಯಿತು ಎಲ್ಲೋ.
ಒಂದು ಸಲ ತುಳಿದರೆ ಹಿಟ್ಟು,
ಎರಡನೆಯ ಸಲಕ್ಕೆ ಕಲ್ಲು.
ಸಾಕು, ಅಂದರು ಮಾವ, ನನ್ನ ಹೆಂಡತಿಯೂ ಹಾಗೇ ಇದ್ದಳು.

ನಸುಕಿಗೆ ಹೊರಟೆವು, ಎರಡನೇ ಗೇರಿನಲ್ಲಿ,
ಮೊದಲ ಹಿಮ ಗಾಜಿಗೆ ಬಡಿಯುತ್ತಿತ್ತು.
ನೆತ್ತಿಯಲ್ಲಿ ನಿಂತು ದೀಪ ಹಚ್ಚುವುದು ವಾಡಿಕೆ.
ನಿಲ್ಲಿಸಲಿಲ್ಲ. ನಿಲ್ಲಿಸಲು ಧೈರ್ಯವಿರಲಿಲ್ಲ.

ಅಲ್ವಾನಿಯ ಬಯಲಿಗೆ ಬರುವಾಗ ಬಚಾನಾ
ಉಣ್ಣೆಗೆ ಒರಗಿ ಬಾಯಿ ತೆರೆದು ಮಲಗಿದ್ದ.
ಎಡಗಾಲು ಮಾತ್ರ ತುಳಿಯುತ್ತಲೇ ಇತ್ತು,
ನಿದ್ದೆಯಲ್ಲೂ,
ಎರಡೆರಡು ಸಲ.